ನಾಳೆ ಯಾವ ಊರಿಗೆ?

ಶ್ರೀ ಗುರುಬಸವಲಿಂಗಾಯ ನಮಃ

ರಿಮಿನಿ ಹತ್ತಿರ, ಇಟಲಿ
೧೨ ಆಗಸ್ಟ್ ೨೦೨೪

ಚಿ. ಸೌ. ತಂಗಿ ಬಸವೇಶ್ವರಿಗೆ ನಿನ್ನ ಅಕ್ಕ ಶಾರದಾಬಾಯಿಯ ಆಶೀರ್ವಾದಗಳು. ಮಣ್ಣೂರಿನಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ, ನನ್ನ ಕಾಲನ್ನು ಬಿಟ್ಟು.

ಬಂದ ಕೂಡಲೇ ಕಾಗದ ಹಾಕುತ್ತೇನೆ ಎಂದು ಹೇಳಿ ಬಂದವಳು ಇಷ್ಟು ತಡ ಮಾಡಿದ್ದಕ್ಕೆ ಬೈಯಬೇಡ. ದಿನಾ ಫೋನಿನಲ್ಲಿ ಮುಖ ನೋಡುತ್ತೇವಲ್ಲ, ಮತ್ತೆ ಕಾಗದ ಯಾಕೆ ಎನ್ನಲೂ ಬೇಡ. ಫೋನ್ ಬಂದರೆ ಇಲ್ಲಿ ಮನೆಮಂದಿಯೆಲ್ಲ ಸುತ್ತ ನಿಂತು ಕೈ ಬೀಸುತ್ತಾರೆ, ಅಲ್ಲಿ ನಿನ್ನ ಓಣಿಯವರೆಲ್ಲ ಇಣುಕುತ್ತಾರೆ. ಆ ಸಂತೆಯಲ್ಲಿ ಮನಸ್ಸಿನ ಮಾತು ಆಡುವುದು ಹೇಗೆ? ಮಗಳು ಐಶ್ವರ್ಯಾಳ ಜೊತೆ ಕೆಲಸ ಮಾಡುವ ಆಳಂದದ ಅಜಯಕುಮಾರ ನಾಳೆ ಊರಿಗೆ ಹೊರಟಿದ್ದಾನೆ. ಸಂಜೆ ನಮ್ಮನ್ನು ಕಂಡು ಹೋಗಲು ಬರುತ್ತಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಇಲ್ಲಿಯ ಸಮುದ್ರದ ದಂಡೆ ನಿಮ್ಮ ಭೀಮೆಯ ದಂಡೆಯಂತಲ್ಲ. ಉಸುಕಿನ ತುಂಬ ಸಾಲಾಗಿ ಛತ್ರಿ ನೆಟ್ಟಿದ್ದಾರೆ, ಒಂದೊಂದು ಮನೆಗೆ ಒಂದೊಂದು. ಅಳಿಯ ಲೂಕಾನ ಮನೆಯವರು ಅವನ ಅಜ್ಜನ ಕಾಲದಿಂದ ಪ್ರತಿ ಆಗಸ್ಟಿಗೆ ಇದೇ ಮನೆ ಬಾಡಿಗೆ ಹಿಡಿದು, ಇದೇ ಸಾಲಿನ ಛತ್ರಿ ಕೆಳಗೆ ಕೂಡುತ್ತಾರಂತೆ. ನಮ್ಮ ಯಜಮಾನರು ಧೋತರ ಉಟ್ಟು ಟೋಪಿ ಹಾಕಿಕೊಂಡು ಆ ಛತ್ರಿ ಕೆಳಗೆ ಕೂತು, "ಏನೂ ಬೆಳೀಲಾರದ ಜಾಗಕ್ಕ ಇಷ್ಟು ಬದು ಯಾಕ ಬೇಕ್ರಿ ಇವರಿಗಿ?" ಎಂದು ಅಳಿಯನನ್ನು ಕೇಳಿದರು. ಅವನಿಗೆ ಬರುವುದೇ ನಾಲ್ಕು ಕನ್ನಡ ಮಾತು. "ಹೌದ್ರಿ ಮಾವಾರ" ಎಂದ. ಇವರಿಗೆ ಅಷ್ಟೇ ಸಾಕು, ಅಂದಿನಿಂದ ಅಳಿಯ ಭಾಳ ಶಾಣ್ಯಾ.

ಬೀಗತಿ ಮಿರೆಲ್ಲಾಳಿಗೆ ಊಟವೇ ಪಂಚಾಂಗ. ಬೆಳಗಿನ ಚಹಾ ಕುಡಿಯುತ್ತಾ ಮಧ್ಯಾಹ್ನಕ್ಕೆ ಏನು ಎಂದು ಕೇಳುತ್ತಾಳೆ, ಮಧ್ಯಾಹ್ನ ಉಣ್ಣುತ್ತಾ ರಾತ್ರಿಗೆ ಏನು ಎಂದು. ಅವರಿಗೆ ದಿನಾ ಮೀನು ಬೇಕು, ನಮಗೆ ಅದರ ವಾಸನೆಯೂ ಆಗದು. ಹೀಗಾಗಿ ಒಂದೇ ಒಲೆಯ ಮೇಲೆ ಎರಡು ಅಡುಗೆ. ಆದರೆ ಒಂದು ಮಾತು ಹೇಳಬೇಕು, ಅವಳು ತಿಳಿದವಳು. ನಮ್ಮ ಚಪಾತಿಯ ತಮ್ಮನಂಥದ್ದು ಪಿಯಾದಿನಾ ಅಂತ ಮಾಡುತ್ತಾರೆ, ಅದಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿ. ನಮಗಾಗಿ ಎಣ್ಣೆಯಲ್ಲಿ ಕಲಸಿ, ನಂಬಿಕೆ ಬರಲೆಂದು ಎಣ್ಣೆಯ ಬಾಟಲಿಯನ್ನು ನನ್ನ ಮುಖದ ಮುಂದೆ ಹಿಡಿದು ತೋರಿಸಿದಳು. ನಾನು ಮಾಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಕಣ್ಣಲ್ಲಿ ನೀರು ಬಂದರೂ ಮತ್ತೆ ಕೈ ಚಾಚಿದಳು. ಉಂಡ ಕೂಡಲೇ ಯಾರೂ ನೀರಿಗೆ ಇಳಿಯುವಂತಿಲ್ಲ ಎಂದು ಮೀಸೆ ಬಂದ ಗಂಡುಮಕ್ಕಳಿಗೂ ಗದರುತ್ತಾಳೆ. ನಮ್ಮ ಅವ್ವನ ನೆನಪಾಯಿತು.

ಇಷ್ಟಾಗಿಯೂ ದಂಡೆಯ ಮೇಲೆ ನಾವು ಕೂತದ್ದು ಎಷ್ಟು ಹೊತ್ತು ಮಹಾ! ದ್ರಾಕ್ಷಿ ಬಳ್ಳಿಯ ರೋಗ ಕಲಿಯಲು ಈ ದೇಶಕ್ಕೆ ಬಂದು ಇಲ್ಲೇ ಲೂಕಾನ ಕೈ ಹಿಡಿದ ನಮ್ಮ ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ. ಒಂದು ದಿನ ಗುಡ್ಡದ ಮೇಲಿನ ಕೋಟೆ, ಒಂದು ದಿನ ಹಳೆಯ ಇಗರ್ಜಿಗಳ ಊರು, ಒಂದು ದಿನ ಸಂತೆ. ಇವರ ಲಿಂಗಪೂಜೆ ಮುಗಿಯುವುದರೊಳಗೆ ಹೊರಗೆ ಕಾರು ಚಾಲೂ ಆಗಿರುತ್ತದೆ. ನಾನು ರೊಟ್ಟಿಯ ಗಂಟು ಕಟ್ಟಿಕೊಂಡು ಹಿಂದೆ ಹತ್ತುತ್ತೇನೆ. ನನ್ನ ಚಪ್ಪಲಿ ಕಿತ್ತು ಹೋಗಿ, ಈಗ ಸೀರೆಯ ಕೆಳಗೆ ಅವಳ ಹಳೆಯ ಬೂಟು. ಕಾಲು ಊದಿ ಅವೂ ಬಿಗಿಯಾಗಿವೆ. ಸಾಕಾಗಿದೆ ತಂಗಿ, ನಿಜವಾಗಿ ಸಾಕಾಗಿದೆ. ನೋಡಿದ ಊರುಗಳೆಲ್ಲ ತಲೆಯಲ್ಲಿ ಕಲಸಿ ಹೋಗಿವೆ.

ನೀನು ಫೋನಿನಲ್ಲಿ ದಿನಾ ಕೇಳುವುದಕ್ಕೆ ಈಗ ಬರುತ್ತೇನೆ. ಇಲ್ಲ, ಕುಬಸ ಇನ್ನೂ ಆಗಿಲ್ಲ. ಬಸುರಿಗೆ ಐದನೇ ತಿಂಗಳಲ್ಲಿ ಮಾಡುವ ಕುಬಸ ತವರಿನದು, ಅವಳು ಬರಲಾಗದಿದ್ದರೆ ನಾವೇ ಹೋಗಿ ಮಾಡಿ ಬರೋಣ ಎಂದು ತಾನೇ ನಾವಿಬ್ಬರೂ ಇಷ್ಟು ದೂರ ಹಾರಿ ಬಂದದ್ದು. ಹಸಿರು ಸೀರೆ, ನೀನು ಹೊಲಿದುಕೊಟ್ಟ ಕುಬಸ, ಹಸಿರು ಬಳೆ, ಉಡಿ ತುಂಬುವ ಕೊಬ್ಬರಿ, ಉತ್ತತ್ತಿ ಎಲ್ಲ ಪೆಟ್ಟಿಗೆಯಲ್ಲಿ ಹಾಗೇ ಇವೆ.

ಇವರು ಸುಮ್ಮನಿರುವವರೇ? ಮೊನ್ನೆ ಶುಕ್ರವಾರ ಎಲ್ಲರೂ ಚಹಾಕ್ಕೆ ಕೂತಾಗ ತೆಗೆದೇ ತೆಗೆದರು. "ಐಶೂ, ಸೋಮವಾರ ಚೊಲೊ ಅದ. ಕುಬಸ ಅವತ್ತ ಮಾಡಿಬಿಡೋಣು."

ಅವಳು ಫೋನಿನಿಂದ ತಲೆ ಎತ್ತಲಿಲ್ಲ. "ಸೋಮವಾರ ರವೆನ್ನಾಕ್ಕ ಹೋಗಾದದ ಅಪ್ಪಾ. ಅಲ್ಲಿ ಇಗರ್ಜಿ ನೋಡಾಕ ಟಿಕೀಟ್ ತಗದೀನಿ."

"ಹಂಗಾರ ಬುಧವಾರ?"

"ಬುಧವಾರ ಉಪ್ಪು ಮಾಡೋ ಜಾಗ ನೋಡಾಕ ಹೋಗೋಣು. ನೀರು ಗುಲಾಬಿ ಬಣ್ಣ ಇರ್ತದಂತ."

"ಉಪ್ಪು ನೋಡಾಕ ಇಲ್ಲೀತನ ಬರಬೇಕಿತ್ತೇನು?" ಎಂದು ಇವರು ನನ್ನ ಕಡೆ ತಿರುಗಿದರು. "ನೀ ಯಾಕ ಬಾಯಿ ಹೊಲಕೊಂಡು ಕುಂತಿ ಬೇ? ತಾಯಿ ಆಗಿ ಒಂದ್ ಮಾತ್ ಹೇಳಬಾರದಾ?"

"ಹುಡುಗಿ ಪ್ರೀತಿಲಿಂದ ಕರಕೊಂಡು ಹೊಂಟಾಳ, ನಡೀರಿ" ಎಂದೆ. ಅಂದಿನಿಂದ ಇವರಿಗೆ ನನ್ನ ಮೇಲೆ ಸಿಟ್ಟು. ಮಾತು ಬೇಕೆಂದರೆ ಮಿರೆಲ್ಲಾಳ ಜೊತೆ ಆಡುತ್ತಾರೆ, ಇವರು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ. ನಮ್ಮಿಬ್ಬರಿಗಿಂತ ಚೆನ್ನಾಗಿ ನಡೆದಿದೆ.

ಮರುದಿನ ಗುಡ್ಡದ ಕೋಟೆಗೆ ಹೋದೆವು. ಮೆಟ್ಟಿಲೆಂದರೆ ಮೆಟ್ಟಿಲು. ಐಶ್ವರ್ಯಾ ಎಲ್ಲರಿಗಿಂತ ಮುಂದೆ, ಯಾರೋ ಬೆನ್ನು ಹತ್ತಿದ ಹಾಗೆ ಹತ್ತುತ್ತಿದ್ದಳು. ಇವರು ಕೆಳಗಿನಿಂದ, "ಮೆಲ್ಲಗ ಬೇ! ಬಸರ ಹೆಂಗಸು ಹಂಗ ಓಡತಾರೇನು?" ಎಂದು ಕೂಗಿದರು. ಅವಳು ತಿರುಗಿ ನಕ್ಕಳು, ಇನ್ನೂ ಜೋರಾಗಿ ಹತ್ತಿದಳು. ಲೂಕಾ ನೆಲ ನೋಡುತ್ತಾ ನಿಂತ. ನಾನು ಬೂಟಿನ ಲೇಸು ಕಟ್ಟಲು ಬಗ್ಗಿದೆ. ಅದು ಬಿಚ್ಚಿರಲಿಲ್ಲ.

ಇವತ್ತು ರವೆನ್ನಾಕ್ಕೆ ಹೋಗಿ ಈಗಷ್ಟೇ ಬಂದೆವು. ಕಾರು ಇಳಿಯುವ ಮೊದಲೇ ಅವಳದು ಶುರು. "ಅವ್ವಾ, ನಾಳಿಗಿ ಯಾವ ಊರಿಗಿ ಹೋಗೋಣು?"

ನಾನು ಗಟ್ಟಿ ಮನಸ್ಸು ಮಾಡಿ ಹೇಳಿದೆ. "ನಾಳಿಗಿ ಯಾವ ಊರೂ ಬ್ಯಾಡ. ಇವರೆಲ್ಲ ಸಮುದ್ರಕ್ಕ ಹೋಗಲಿ. ನಾ ಸಜ್ಜಕದ ಹೋಳಿಗಿ ಮಾಡ್ತೀನಿ, ನೀ ಒಬ್ಬಾಕೀನ ನನ್ನ ಬಾಜೂಕ ಕೂಡು."

ಅವಳ ಮುಖ ಸಣ್ಣದಾಯಿತು. "ಹೋಳಿಗಿ ಯಾಕವ್ವಾ? ಕುಬಸಕ್ಕೇನು?"

"ತಿನ್ನಾಕ" ಎಂದೆ.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು, ರವೆ ಯಾವ ಡಬ್ಬಿಯಲ್ಲಿದೆ ಎಂದು ತೋರಿಸಿ ಹೋದಳು. ಬೆಲ್ಲ ನಾನು ತಂದದ್ದೇ ಇದೆ. ನಾಳೆ ಮಾಡುತ್ತೇನೆ.

ನಿನ್ನ ಸೊಂಟನೋವು ಹೇಗಿದೆ? ದಿನವಿಡೀ ಹೊಲಿಗೆ ಮಷಿನ್ ಮುಂದೆ ಕೂಡಬೇಡ. ನಮ್ಮ ಮನೆಯ ಕೀಲಿ ನಿನ್ನ ಹತ್ತಿರವೇ ಇದೆ, ಅಫಜಲಪುರಕ್ಕೆ ಹೋದಾಗ ಒಂದು ಸಲ ಬಾಗಿಲು ತೆಗೆದು ಗಾಳಿಯಾಡಿಸು. ಹಿರಿಯರಿಗೆ ಶರಣು, ಕಿರಿಯರಿಗೆ ಆಶೀರ್ವಾದ. ಬಸವಣ್ಣ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ, ನಿನ್ನ ಕೈಸೂಜಿ ಎಂದೂ ತುಕ್ಕು ಹಿಡಿಯದಿರಲಿ.

ನಿನ್ನ ಅಕ್ಕ,
ಶಾರದಾಬಾಯಿ

ತಾ.ಕ.: ಅಜಯಕುಮಾರ ಬಂದು ಹೊರಗೆ ಕಾಫಿ ಕುಡಿಯುತ್ತಿದ್ದಾನೆ. ಇಷ್ಟಕ್ಕೇ ಮುಚ್ಚಬೇಕೆಂದಿದ್ದೆ, ಆಗುತ್ತಿಲ್ಲ. ಇನ್ನು ಮೇಲೆ ಫೋನಿನಲ್ಲಿ ಕುಬಸದ ಮಾತು ತೆಗೆಯಬೇಡ ತಂಗಿ. ಕೂಸು ಉಳಿದಿಲ್ಲ.

ಯಾರೂ ನನಗೆ ಹೇಳಿಲ್ಲ. ವಿಮಾನ ಇಳಿದು ಹೊರಗೆ ಬಂದ ಕೂಡಲೇ ಐಶ್ವರ್ಯಾ ಓಡಿ ಬಂದು ನನ್ನನ್ನು ಅಪ್ಪಿಕೊಂಡಳು, ಹೊಟ್ಟೆಗೆ ಹೊಟ್ಟೆ ಒತ್ತುವ ಹಾಗೆ, ಗಟ್ಟಿಯಾಗಿ. ಹೊಟ್ಟೆಯಲ್ಲಿ ಕೂಸು ಇದ್ದವಳು ಯಾರನ್ನೂ ಹಾಗೆ ಅಪ್ಪುವುದಿಲ್ಲ, ಒಂದಿಷ್ಟು ಓರೆಯಾಗುತ್ತಾಳೆ. ಆಗಲೇ ತಿಳಿಯಿತು. ಇವರಿಗೆ ಇನ್ನೂ ತಿಳಿದಿಲ್ಲ. ಹುಡುಗಿ ತಾನಾಗಿ ಹೇಳಲಿ ಎಂದು ಅವಳು ಕರೆದ ಕಡೆಗೆಲ್ಲ ಹೋಗುತ್ತಿದ್ದೇನೆ.

ಅದನ್ನು ಹೇಗೋ ತಡೆದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನೀರು ಕುಡಿಯಲು ಎದ್ದೆ. ಅಡುಗೆಮನೆಯಲ್ಲಿ ಐಶ್ವರ್ಯಾ ಮಿರೆಲ್ಲಾಳ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಮಿರೆಲ್ಲಾ ಅವಳ ಕೂದಲಲ್ಲಿ ಕೈಯಾಡಿಸುತ್ತಾ ಮೆಲ್ಲಗೆ ಏನೋ ಹೇಳುತ್ತಿದ್ದಳು. ನಾನು ನೀರು ಕುಡಿಯದೆ ತಿರುಗಿ ಬಂದೆ. ಹೆತ್ತವಳ ಮುಂದೆ ನಗು, ಅತ್ತೆಯ ಮುಂದೆ ಅಳು. ಮಿರೆಲ್ಲಾಳ ಮೇಲೆ ಸಿಟ್ಟು ಮಾಡೋಣವೆಂದರೆ ಅವಳು ಒಳ್ಳೆಯವಳು, ಅದಕ್ಕೂ ದಾರಿಯಿಲ್ಲ.

ನಾಳೆ ನನ್ನ ಬಾಜೂಕೆ ಕೂತು ಹೇಳಿದರೆ, ಮೊದಲ ಸಲ ಕೇಳಿದವಳ ಹಾಗೆ ಕೇಳುತ್ತೇನೆ. ಹೇಳದಿದ್ದರೆ ಬುಧವಾರ ಮತ್ತೆ ಆ ಬೂಟು ಹಾಕಿಕೊಂಡು ಉಪ್ಪು ನೋಡಲು ಹೋಗುತ್ತೇನೆ.