ಬೇಲಿಯ ಹತ್ತಿರ ನಿಂತಿರುತ್ತೇನೆ

ಆನ್ ಆರ್ಬರ್, ಮಿಷಿಗನ್
ಅಕ್ಟೋಬರ್ 9, ಗುರುವಾರ

ಪ್ರೀತಿಯ ಈರೊ ಅಣ್ಣಾ,

ಹೇಗಿದ್ದೀಯಾ? ಬೆನ್ನುನೋವು ಕಡಿಮೆಯಾಯಿತೇ, ಇಲ್ಲಾ ಹಡಗಿನ ಡೆಕ್ಕಿನ ಮೇಲೆ ಹುಲಿಯ ಹಾಗೆ ಓಡಾಡಿ ಒಳಗೆ ಬಂದು ನರಳುತ್ತಿದ್ದೀಯಾ? ಸುಪೀರಿಯರ್ ಸರೋವರದಲ್ಲಿ ಆಗಲೇ ಗಾಳಿ ಎದ್ದಿದೆಯಂತೆ. ನಾನು ಹೆಣೆದುಕೊಟ್ಟ ಟೋಪಿ ಹಾಕಿಕೋ. ಬಣ್ಣ ಚೆನ್ನಾಗಿಲ್ಲ ಅಂತ ಮೂಗು ಮುರಿಯಬೇಡ, ಅದಿರು ಹೊರುವ ಹಡಗಿನಲ್ಲಿ ನಿನ್ನ ಚೆಂದ ನೋಡುವವರು ಯಾರೂ ಇಲ್ಲ.

ಈಗ ಸುದ್ದಿ. ನನಗೆ ಕೆಲಸ ಸಿಕ್ಕಿದೆ, ಒಪ್ಪಿಕೊಂಡೂ ಆಗಿದೆ. ಹೌದು, ಕಂಪನಿಗಳಿಗೆ ಏನು ಮಾಡಬೇಕು ಅಂತ ಸಲಹೆ ಕೊಡುವ ಕನ್ಸಲ್ಟಿಂಗ್ ಕೆಲಸವೇ. ಎಂಬಿಎ ಓದು ಮುಗಿದ ಮೇಲೆ ಸಾಫ್ಟ್‌ವೇರಿಗೆ ವಾಪಸು ಹೋಗುವುದಿಲ್ಲ. ಬೇಸಿಗೆಯಲ್ಲಿ ನೀನು ಫೋನಿನಲ್ಲಿ ಹೇಳಿದ್ದು ಇನ್ನೂ ಚುಚ್ಚುತ್ತಿದೆ: "ಇಷ್ಟು ದಿನ ಕೆಲಸ ಮಾಡೋಳಾಗಿದ್ದೆ, ಇನ್ಮೇಲೆ ಬೇರೆಯವ್ರ ಕೆಲಸ ಕಳೆಯೋಳಾಗ್ತೀಯಾ?" ಆಮೇಲೆ ಸಿಗ್ನಲ್ ಹೋಯಿತು ಅಂತ ನೀನು ಮೆಸೇಜ್ ಹಾಕಿದೆ. ಸಿಗ್ನಲ್ ಹೋಗಿರಲಿಲ್ಲ, ನೀನೇ ಫೋನ್ ಇಟ್ಟೆ.

ನಿನ್ನ ಸಿಟ್ಟು ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲವೇ? ಕೋಟು ಹಾಕಿಕೊಂಡ ಕನ್ಸಲ್ಟೆಂಟರು ನಮ್ಮೂರಿನ ಪೇಪರ್ ಮಿಲ್ಲಿಗೆ ಬಂದಿದ್ದು, ಅಪ್ಪ ಅವರಿಗೆ ಯಂತ್ರಗಳನ್ನೆಲ್ಲಾ ಹೆಮ್ಮೆಯಿಂದ ತೋರಿಸಿದ್ದು, ನಮ್ಮ ಏಲಕ್ಕಿ ಬ್ರೆಡ್ಡು ತಿಂದು ಹೊಗಳಿ ಹೋದವರು ಮತ್ತೆ ಮುಖ ತೋರಿಸದೇ ಇದ್ದದ್ದು, ಎಲ್ಲವೂ ನೆನಪಿದೆ. ಮಿಲ್ಲು ಮುಚ್ಚುತ್ತದೆಂದು ಅಪ್ಪನಿಗೆ ತಿಳಿದದ್ದು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಕಾರಿನ ರೇಡಿಯೋದಿಂದ. ಊಟದ ಡಬ್ಬಿ ಹಾಗೇ ವಾಪಸು ಬಂದಿತ್ತು.

ಸಾಫ್ಟ್‌ವೇರ್ ಬಿಟ್ಟಿದ್ದು ಯಾಕೆ ಅಂತ ಕೇಳಿದ್ದೆಯಲ್ಲ, ಕೇಳು. ಅಲ್ಲಿ ಇನ್ಯಾವುದೋ ಕೋಣೆಯಲ್ಲಿ ಇನ್ಯಾರೋ ತೀರ್ಮಾನಿಸಿದ್ದನ್ನು ನಾನು ಕೋಡ್ ಮಾಡುತ್ತಿದ್ದೆ. ಗೋದಾಮಿನಲ್ಲಿ ಯಾರ ಪಾಳಿ ತಪ್ಪಬೇಕು ಅನ್ನುವುದನ್ನು ಕಂಪ್ಯೂಟರೇ ಹೇಳುವ ಹಾಗೆ ಮಾಡಿದವಳು ನಾನೇ. ಯಾಕೆ ಅಂತ ಕೇಳಿದರೆ ಮ್ಯಾನೇಜರು "ಅದು ಮೇಲಿನೋರ ಮಾತು ಕಣಮ್ಮಾ, ನೀನು ಬರಿ" ಅನ್ನುತ್ತಿದ್ದ. ಕೈ ನನ್ನದು, ಬಾಯಿ ಮಾತ್ರ ಇಲ್ಲ. ನನಗೆ ಆ ಕೋಣೆಯೊಳಗೆ ಕೂರಬೇಕು ಅಣ್ಣಾ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈ ಸಂದರ್ಶನಗಳ ಪದ್ಧತಿಯೇ ಬೇರೆ. ಯಾವುದೋ ಕಂಪನಿಯ ಕಷ್ಟವನ್ನು ಕಥೆಯ ಹಾಗೆ ಹೇಳುತ್ತಾರೆ. ನಾವು ಅದನ್ನು ಹಾಳೆಯಲ್ಲಿ ಚೌಕ ಚೌಕವಾಗಿ ಬಿಡಿಸಿ, ಹಾಳೆಯನ್ನು ಅವರ ಕಡೆ ತಿರುಗಿಸಿ ಉತ್ತರವನ್ನೇ ಮೊದಲು ಹೇಳಬೇಕು. ನನಗೋ ಸಾಫ್ಟ್‌ವೇರಿನ ಹಳೇ ಚಾಳಿ, ಎಲ್ಲೆಲ್ಲಿ ಕೆಡಬಹುದು ಅನ್ನುವುದರಿಂದಲೇ ಶುರು ಮಾಡುತ್ತಿದ್ದೆ. ಅಭ್ಯಾಸಕ್ಕೆ ಜೊತೆಯಾಗಿದ್ದ ಸಹಪಾಠಿ ಲೂಪೆ ತಲೆ ಚಚ್ಚಿಕೊಂಡು "ಅಯ್ಯೋ ಮಾರಾಯ್ತಿ, ಮದ್ವೆ ಮಾತಾಡು ಅಂದ್ರೆ ಡೈವೋರ್ಸಿಂದ ಶುರು ಮಾಡ್ತೀಯಲ್ಲೇ!" ಅನ್ನುತ್ತಿದ್ದಳು.

ಕೊನೆಯ ಸಂದರ್ಶನದಲ್ಲಿ ಸಿಕ್ಕ ಕಥೆ ಯಾವುದು ಗೊತ್ತಾ? ಒಂದು ಪೇಪರ್ ಮಿಲ್ಲು. ನಡೆಸಬೇಕೋ, ಮುಚ್ಚಬೇಕೋ? ಲೆಕ್ಕ ಹಾಕಿದೆ. ಮುಚ್ಚಬೇಕು ಅಂದೆ. ನಮ್ಮ ಮಿಲ್ಲನ್ನೂ ಮುಚ್ಚಲೇಬೇಕಾಗಿತ್ತು ಅಣ್ಣಾ. ಪತ್ರಿಕೆ ಕೊಳ್ಳುವವರೇ ಇಲ್ಲದ ಕಾಲದಲ್ಲಿ ಪತ್ರಿಕೆಯ ಕಾಗದ ಮಾಡುತ್ತಿದ್ದೆವು. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಮುಚ್ಚಿ ಅಂತ ಬರೆದುಕೊಟ್ಟವರೇ ಮಿಲ್ಲಿನ ಕ್ಯಾಂಟೀನಿಗೆ ಹೋಗಿ, ಎಲ್ಲರೆದುರು ನಿಂತು ಹೇಳಬೇಕು ಅಂದೆ. ಎದುರಿಗಿದ್ದಾಕೆ ನಕ್ಕು "ಅದು ನಮ್ಮ ಕೆಲಸ ಅಲ್ಲ" ಅಂದಳು. "ಹಾಗಾದ್ರೆ ಬರೆಯೋದೂ ನಮ್ಮ ಕೆಲಸ ಅಲ್ಲ" ಅಂದುಬಿಟ್ಟೆ. ಕೆಲಸ ಹೋಯಿತು ಅಂದುಕೊಂಡೇ ಹೊರಗೆ ಬಂದೆ. ಮರುದಿನ ಆಕೆಯೇ ಫೋನ್ ಮಾಡಿದಳು.

ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮತ್ತೆ ಮಾತಾಡಿಸದೇ ಹೋದಾನು, ಆ ಭಯ ಇದೆ. ಆದರೂ ನಾಳೆ ಊರಿಗೆ ಹೊರಟಿದ್ದೇನೆ, ಶನಿವಾರ ಎದುರಿಗೇ ಹೇಳುತ್ತೇನೆ. ನೀನು ನಡುವೆ ಬಂದು ಸಮಾಧಾನ ಮಾಡುವುದು ಬೇಡ.

ಹಡಗಿನವರಿಗೆಲ್ಲಾ ನನ್ನ ನೆನಪು ಹೇಳು. ಸಿಟ್ಟಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಹಟಮಾರಿ ತಂಗಿ,
ಐಲಿ

ತಾ.ಕ.: ಭಾನುವಾರ, ಊರಿನಿಂದ. ಅಪ್ಪನಿಗೆ ಹೇಳಿದೆ. ಸೌನಾದ ಹಬೆಸ್ನಾನ ಮುಗಿಸಿ ಅಪ್ಪ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದ. ಲೋಟವನ್ನು ಪಕ್ಕಕ್ಕಿಟ್ಟ. ಆಮೇಲೆ "ಅವತ್ತು ಅವ್ರಲ್ಲಿ ಒಬ್ಬ ಬಂದು ಹೇಳಿದ್ರೆ ಕುರ್ಚಿ ಎತ್ತಿ ಎಸೀತಿದ್ದೆ. ಎಸೆಯೋಕಾದ್ರೂ ಒಬ್ಬ ಬೇಕಿತ್ತು ಕಣೇ" ಅಂದ. ಎದ್ದು ಒಳಗೆ ಹೋಗುವಾಗ "ನಿನ್ನ ಮೇಲೂ ಎಸೀತಾರೆ. ಓಡಿಬರ್ಬೇಡ" ಅಂದ. ಈ ಕಾಗದ ಡೆಟ್ರಾಯಿಟ್‌ನಲ್ಲಿ, ಹಾದುಹೋಗುವ ಹಡಗುಗಳಿಗೆ ಕಾಗದ ತಲುಪಿಸುವ ಅಂಚೆ ದೋಣಿಯಿಂದ ನಿನ್ನ ಕೈಸೇರುತ್ತದೆ. ಅದಾದ ಮೇಲೆ ಸುಪೀರಿಯರ್ ಸರೋವರಕ್ಕೆ ಹಡಗು ಹತ್ತಿಸುವ ಸೂ ಲಾಕ್ಸ್‌ನಲ್ಲಿ, ಗೇಟುಗಳ ನಡುವೆ ನೀರು ತುಂಬಿ ಹಡಗು ಮೇಲೇಳುವವರೆಗೂ ನೀನು ಡೆಕ್ಕಿನ ಮೇಲೆ ಹಗ್ಗ ನೋಡಿಕೊಂಡು ನಿಂತಿರಲೇಬೇಕು, ಅಲ್ಲಿ ಫೋನ್ ಇಡುವುದಕ್ಕಾಗುವುದಿಲ್ಲ. ನಾನು ದಡದ ಬೇಲಿಯ ಹತ್ತಿರ ನಿಂತಿರುತ್ತೇನೆ. ಏನು ಎಸೆಯಬೇಕೋ ಎಸಿ. ಗುರಿ ಮಾತ್ರ ನೋಡಿಕೋ, ಪಕ್ಕದಲ್ಲಿ ಅಪ್ಪನೂ ಇರುತ್ತಾನೆ.