ಹೆಸರು ಹಿಡಿದು ಕರೆಯುವ ಊರು

ಹೇವರ್ಡ್, ಕ್ಯಾಲಿಫೋರ್ನಿಯಾ
9 ಮಾರ್ಚ್ 2025, ಭಾನುವಾರ

ಪ್ರೀತಿಯ ಅಜ್ಜೀ,

ನಿನ್ನ ಮೊಣಕಾಲು ಹೇಗಿದೆ? ದಿನಾ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತೀಯಾ, ಇಲ್ಲ ಅಮ್ಮ ಗದರಿದರೆ ಮಾತ್ರವಾ? ನಾನು ಫೋನ್ ಮಾಡಿದಾಗಲೆಲ್ಲ ನೀನು ಸ್ನಾನಕ್ಕೆ ಹೋಗಿರುತ್ತೀಯಂತೆ. ಮದುವೆಯಾಗಿ ಐದು ತಿಂಗಳಾಯಿತು. ಇಷ್ಟು ಸ್ನಾನ ಮಾಡುವವರು ಮೈಸೂರಿನಲ್ಲಿ ನೀನೊಬ್ಬಳೇ ಇರಬೇಕು. ಅದಕ್ಕೇ ಈ ಕಾಗದ. ಒತ್ತಕ್ಷರ ತಪ್ಪಿದ್ದರೆ ಕಾನ್ವೆಂಟಿಗೆ ಸೇರಿಸಿದ ಅಪ್ಪನನ್ನು ಬೈಯಿ, ನನ್ನನ್ನಲ್ಲ.

ನಾನು, ಜೋವೆನ್ ಇಬ್ಬರೂ ಅವನ ಅಜ್ಜಿಯ ಊರಿಗೆ ಹೋಗಿಬಂದೆವು. ಫಿಲಿಪೀನ್ಸಿನ ಉತ್ತರದ ತುದಿಯಲ್ಲಿ ಇಲೋಕೋಸ್ ಎಂಬ ಸೀಮೆ, ಅಲ್ಲೊಂದು ಪುಟ್ಟ ಊರು. ನನ್ನ ಗಂಡ (ಹೀಗೆ ಬರೆಯಲು ಇನ್ನೂ ನಗು ಬರುತ್ತದೆ) ಹುಟ್ಟಿ ಬೆಳೆದದ್ದೆಲ್ಲ ಹೇವರ್ಡಿನಲ್ಲಿ. ಆದರೂ ಹೋದ ಮರುದಿನವೇ ಪ್ಯಾಂಟು ಮಡಿಸಿ ಬೆಳ್ಳುಳ್ಳಿ ಕೀಳಲು ಗದ್ದೆಗೆ ಇಳಿದುಬಿಟ್ಟ. ಭತ್ತ ಕೊಯ್ದ ಗದ್ದೆಯಲ್ಲೇ ಹುಲ್ಲು ಹಾಸಿ ಬೆಳ್ಳುಳ್ಳಿ ಬೆಳೆಯುತ್ತಾರೆ ಅಜ್ಜೀ, ಆಮೇಲೆ ಕಟ್ಟು ಕಟ್ಟಿ ಮನೆಯ ಸೂರಿಗೆಲ್ಲ ತೂಗುಹಾಕುತ್ತಾರೆ. ನೀನು ಅಡುಗೆಮನೆಗೇ ಸೇರಿಸದ ಬೆಳ್ಳುಳ್ಳಿಯ ಕೆಳಗೆ ನಾನು ಹತ್ತು ದಿನ ಮಲಗಿದೆ! ಬದನೆ, ಹಾಗಲ, ಬೆಂಡೆಯ ಪಲ್ಯಕ್ಕೆ ಅವರು ಯಾವಾಗಲೂ ಹಾಕುವ ಮೀನಿನ ರಸವನ್ನು ನನಗೋಸ್ಕರ ಬಿಟ್ಟು, ಬೇರೆ ಮಡಕೆಯಲ್ಲಿ ಬೇಯಿಸುತ್ತಿದ್ದರು.

ಹೋದ ದಿನವೇ ನಾನೊಂದು ಎಡವಟ್ಟು ಮಾಡಿದೆ. ಅವತ್ತು ಜೋವೆನ್‌ನ ತಾತನ ತಿಥಿಯಂತೆ, ನನಗೆ ಗೊತ್ತಿರಲಿಲ್ಲ. ನಾವು ಒಳಗೆ ಕಾಲಿಡುವಾಗ ಅವನ ಅಜ್ಜಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಎದುರು ಬಂದರು. ಎಲ್ಲರೂ ಅವರನ್ನು ಲಿಲಾಂಗ್ ಎನ್ನುತ್ತಾರೆ, ಅಜ್ಜಿ ಎಂದೇ ಅರ್ಥ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣ, ಅಕ್ಕಿಯ ಸಿಹಿತಿಂಡಿ. ಹೊಸ ಸೊಸೆಗೆ ತಾಂಬೂಲ ಕೊಡುತ್ತಿದ್ದಾರೆ ಎಂದುಕೊಂಡು ನಾನು ನೀನು ಕಲಿಸಿದ ಹಾಗೆ ಬಗ್ಗಿ, ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ಮನೆ ತುಂಬ ಇದ್ದ ನೆಂಟರೆಲ್ಲ ನನ್ನನ್ನು ಬಿಟ್ಟು ನನ್ನ ಹಿಂದಕ್ಕೆ ನೋಡಿದರು. ಅದು ನನ್ನ ಬೆನ್ನ ಹಿಂದಿನ ಗೋಡೆಯಲ್ಲಿದ್ದ ತಾತನ ಫೋಟೋ ಮುಂದೆ ಇಡಲು ತಂದ ಎಡೆ! ನಮ್ಮಲ್ಲಿ ಪಿತೃಪಕ್ಷದಲ್ಲಿ ಇಡುತ್ತೇವಲ್ಲ, ಹಾಗೆ. ಲಿಲಾಂಗ್ ನನ್ನನ್ನೇ ನೋಡಿ ಏನೋ ಹೇಳಿದರು. ಜೋವೆನ್ ಅರ್ಥ ಹೇಳಿದ. ತಾತ ಬದುಕಿದ್ದಾಗಲೂ ಮೊದಲ ಎಲೆಯನ್ನು ಮನೆಗೆ ಬಂದವರಿಗೇ ಕೊಡುತ್ತಿದ್ದರಂತೆ. “ಇವಳಿಗೆ ಅವರೇ ಕೊಟ್ಟಿದ್ದು, ಬಿಡಿ” ಅಂದರಂತೆ. ಆಮೇಲೆ ತಾತನಿಗೆ ಬೇರೆ ಎಲೆ ತಂದಿಟ್ಟರು.

ಮದುವೆಯ ಸುದ್ದಿ ಕೇಳಿದಾಗ ನೀನು ಕೇಳಿದ್ದೆ, “ಎಲೆ ಅಡಿಕೆ ಅಂದ್ರೇನು ಅಂತಾದ್ರೂ ಗೊತ್ತೇನೇ ಆ ಜನಕ್ಕೆ?” ಗೊತ್ತು ಅಜ್ಜೀ. ನನಗಿಂತ ಚೆನ್ನಾಗಿ ಗೊತ್ತು. ನಿನ್ನೆ ಫ್ರೀಮಾಂಟಿನ ಅಂಗಡಿಯಿಂದ ಎಲೆ ತಂದಿದ್ದೇನೆ. ಜೋವೆನ್ ಸುಣ್ಣ ಜಾಸ್ತಿ ಹಚ್ಚಿ ನಾಲಿಗೆ ಸುಟ್ಟುಕೊಂಡಿದ್ದಾನೆ.

ಲಿಲಾಂಗ್ ಊರಿನಿಂದ ಹೊರಡುವ ದಿನ ಇನ್ನೊಂದು ನಡೆಯಿತು. ಅಲ್ಲಿ ಯಾರಾದರೂ ಹೊರಟರೆ ಹಿರಿಯರು ಮೆಟ್ಟಿಲ ಮೇಲೆ ನಿಂತು ಅವರ ಹೆಸರು ಹಿಡಿದು ಕರೆಯುತ್ತಾರೆ. ಮೈ ಹೊರಟರೂ ಜೀವ ಇಷ್ಟವಾದ ಜಾಗದಲ್ಲೇ ಕೂತುಬಿಡುತ್ತದಂತೆ. ಕರೆದರೆ ಎದ್ದು ಹಿಂದೆಯೇ ಬರುತ್ತದಂತೆ. ಲಿಲಾಂಗ್ ನನ್ನ ಹೆಸರನ್ನೂ ತಮ್ಮ ನಾಲಿಗೆಗೆ ಬಂದ ಹಾಗೆ ಕರೆದರು. “ವಿಬಾ, ಬಾ, ಇಲ್ಲೇ ಉಳೀಬೇಡ” ಎಂದು ಮೂರು ಸಲ. ಮೊದಲನೆಯ ಸಲ ನಕ್ಕೆ. ಮೂರನೆಯ ಸಲಕ್ಕೆ ಜೋವೆನ್‌ನ ಕರ್ಚೀಫು ಬೇಕಾಯಿತು.

ಅಪ್ಪ ಅಮ್ಮನಿಗೆ ನನ್ನ ನೆನಪು ಹೇಳು. ನಿನ್ನ ಕೈಯನ್ನು ಹಣೆಗೊತ್ತಿಕೊಂಡೆ ಎಂದು ಬರಿ ಅಂತ ಜೋವೆನ್ ಪಕ್ಕದಲ್ಲಿ ಕೂತು ಹೇಳುತ್ತಿದ್ದಾನೆ. ಅವರಲ್ಲಿ ಹಿರಿಯರಿಗೆ ಹಾಗೆಯೇ ನಮಸ್ಕಾರ.

ನಿನ್ನ ಕಾಲಿಗೆ ಬೀಳುವ,
ವಿಭಾ

ಮರೆತಿದ್ದೆ: ಮದುವೆಗೆಂದು ನಾನು ಮೈಸೂರಿನಿಂದ ಹೊರಟಾಗ ನೀನು ಕೋಣೆಯ ಬಾಗಿಲು ತೆಗೆಯಲಿಲ್ಲ. ಹೊರಗಿನಿಂದಲೇ “ಹೋಗ್ಬರ್ತೀನಿ ಅಜ್ಜಿ” ಅಂದೆ. ಇಲ್ಲಿ ತುಂಬ ಸುಖವಾಗಿದ್ದೇನೆ, ನಿಜ. ಆದರೆ ಒಂದಿಷ್ಟು ನಾನು ಇನ್ನೂ ಆ ಬಾಗಿಲ ಹತ್ತಿರವೇ ನಿಂತಿದ್ದೇನೆ. ಯುಗಾದಿಯ ಬೆಳಿಗ್ಗೆ, ನಿನ್ನ ಎಣ್ಣೆಸ್ನಾನ ಮುಗಿಯುವ ತನಕ ಕಾದು, ಫೋನ್ ಮಾಡುತ್ತೇನೆ. ನನ್ನ ಹತ್ತಿರ ಮಾತಾಡದಿದ್ದರೂ ಪರವಾಗಿಲ್ಲ. ಹೆಸರು ಹಿಡಿದು ಒಂದು ಸಲ ಕರೆದುಬಿಡು.