ಕೋರ್ಟಿನ ಒಳಗೆ ನಾನು ಹೇಳಿದ್ದು

ಯಶವಂತಪುರ, 1967

ನನ್ನಮ್ಮನಿಗೆ,

ತಂಗಿ ಲಕ್ಕಮ್ಮನ ಕಾಗದ ಬಂತು. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾಳೆ: "ಅಕ್ಕಾ, ಅವತ್ತು ಕೋರ್ಟೊಳಗೆ ನೀನು ಏನು ಹೇಳಿದೆ ಅಂತ ಅಮ್ಮ ಕೇಳ್ತಾವ್ಳೆ." ನನಗೆ ನೋವಾದೀತೆಂದು ಇಷ್ಟು ವರ್ಷ ನೀನು ಕೇಳಲೇ ಇಲ್ಲ. ನೋವಾಗೋದಿಲ್ಲಮ್ಮ. ಇದನ್ನು ಬಾಗಿಲು ಹಾಕಿಕೊಂಡು ಓದಿಸಿಕೊಳ್ಳಬೇಡ, ಜಗಲಿ ಮೇಲೆ ಕೂತು ಗಟ್ಟಿಯಾಗಿ ಓದಿಸಿಕೊ.

ನಮ್ಮೂರು ಕೋಗಿಲಿನ ಅಕ್ಕಿ ಮಿಲ್ಲಿಗೆ ತವುಡು ತರಲು ಹೋದ ನನ್ನ ಮೇಲೆ ಮಿಲ್ಲಿನ ಯಜಮಾನ ವೆಂಕಟೇಶಪ್ಪ ಅತ್ಯಾಚಾರ ಮಾಡಿದಾಗ ನನಗೆ ಒಂಬತ್ತು ವರ್ಷ. ಹೆತ್ತವ್ವ ಸತ್ತು, ನೀನು ಅಪ್ಪನ ಕೈಹಿಡಿದು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಿನ್ನನ್ನು ಚಿಕ್ಕಮ್ಮ ಅನ್ನುತ್ತಿದ್ದೆ, ಅದೂ ತೀರಾ ಬೇಕಾದಾಗ ಮಾತ್ರ. ಜ್ವರ ಬಂದು ವಾರವಿಡೀ ಬಾಯಿ ಬಿಡದೆ ಮಲಗಿದ್ದವಳ ತಲೆ ಸವರುತ್ತಾ ನೀನು ಕೇಳಿದೆ: "ಯಾರು ಏನ್ ಮಾಡುದ್ರು ಯೋಳವ್ವ. ನಿನ್ ಮ್ಯಾಲೆ ನಂಗ್ ಕ್ವಾಪ ಇಲ್ಲ." ಹೇಳಿಬಿಟ್ಟೆ.

ಊರಿನ ಹಿರಿಯರು ಅಪ್ಪನನ್ನು ಕರೆಸಿದರು. "ಪಿಳ್ಳಣ್ಣ, ನಾಳೆ ಆ ಮಗಿಗೆ ಮದ್ವೆ ಆಗ್ಬೇಕು. ಕೋರ್ಟು ಗೀರ್ಟು ಬ್ಯಾಡ." ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಗಂಡಸರ ನಡುವೆ ನುಗ್ಗಿ ಬಂದವಳು ನೀನು. "ಒಂಬತ್ ವರ್ಸದ ಮಗೀಗೆ ಈಗ್ಲೇ ಎಂತಾ ಮದ್ವೆ? ಮೊದ್ಲು ಅವನು ಜೈಲಿಗ್ ಓಗ್ಲಿ!" ಅಂದೆ. ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಯಲಹಂಕ ಠಾಣೆಗೆ ಹೊರಟೇಬಿಟ್ಟೆ. ಊರ ಗಡಿ ದಾಟುವ ಹೊತ್ತಿಗೆ ಅಪ್ಪ ಗಾಡಿ ಕಟ್ಟಿಕೊಂಡು ಹಿಂದೆಯೇ ಬಂದ. ದಫೇದಾರ್ ವಹಾಬ್ ಸಾಹೇಬರು ನಮಗೆ ಬೆಂಚು ಕೊಟ್ಟು ಕೂರಿಸಿ ದೂರು ಬರೆದುಕೊಂಡರು.

ಬೆಂಗಳೂರಿನ ಕೋರ್ಟಿನಲ್ಲಿ ನೀನೂ ಸಾಕ್ಷಿಯಾದ್ದರಿಂದ ನಿನ್ನನ್ನು ಹೊರಗೆ ಕೂರಿಸಿದರು. ಜಡ್ಜ್ ಸಾಹೇಬರು ಮಿಕ್ಕ ಜನರನ್ನೂ ಆಚೆ ಕಳಿಸಿ, ಕಟಕಟೆಯಲ್ಲಿ ನನಗೆ ಎತ್ತರ ಸಾಲದೆಂದು ತಮ್ಮ ಮೇಜಿನ ಪಕ್ಕಕ್ಕೇ ಕರೆಸಿಕೊಂಡರು. ಸುಳ್ಳು ಅಂದರೆ ಏನು ಅಂತ ಕೇಳಿದರು. "ಆಗದೇ ಇದ್ದದ್ದನ್ನ ಆಯ್ತು ಅನ್ನೋದು" ಅಂದೆ. ಆದದ್ದನ್ನೆಲ್ಲ ಹೇಳಿದೆ. ಎದುರಿಗೇ ವೆಂಕಟೇಶಪ್ಪ ಇದ್ದ. ಯಾರು ಅಂತ ಕೈ ತೋರಿಸು ಅಂದಾಗ ಅವನತ್ತ ತೋರಿಸಿದೆ.

ಆಮೇಲೆ ಅವನ ವಕೀಲ ಎದ್ದ. ದೂರು ಯಾಕೆ ತಡವಾಯಿತು, ಯಾಕೆ ಕೂಗಲಿಲ್ಲ ಅಂತೆಲ್ಲ ಕೇಳಿ, ಕೊನೆಗೆ ನಕ್ಕ. "ಇದೆಲ್ಲ ನಿನ್ನ ಮಲತಾಯಿ ಅಂಜಿನಮ್ಮ ಹೇಳಿಕೊಟ್ಟ ಪಾಠ, ಅಲ್ವೇನಮ್ಮ?"

ಅದಕ್ಕೆ ನಾನು ಹೇಳಿದ ಮಾತು ಇದು: "ಹೇಳ್ಕೊಡೋಕೆ ನಮ್ಮಮ್ಮ ಅಲ್ಲಿರ್ಲಿಲ್ಲ ಸ್ವಾಮಿ. ಇದ್ದಿದ್ರೆ ಇವನು ನನ್ ಹತ್ರ ಬರ್ತಿದ್ನಾ?"

ವಕೀಲ ಕೂತುಬಿಟ್ಟ. ನಿನ್ನನ್ನು ನಾನು ಮೊದಲ ಸಲ ಅಮ್ಮ ಅಂದದ್ದು ಅಲ್ಲಿ. ಅದನ್ನು ಕೋರ್ಟು ಕೇಳಿತು, ನೀನು ಕೇಳಲಿಲ್ಲ.

ತೀರ್ಪಿನ ದಿನವಂತೂ ನೀನೇ ಒಳಗಿದ್ದೆ. ಹೆದರಿದ ಮಗು ತಡವಾಗಿ ಬಾಯಿ ಬಿಟ್ಟರೆ ಅದರ ಮಾತು ಸುಳ್ಳಾಗುವುದಿಲ್ಲ ಅಂದರು ಜಡ್ಜ್. ಏಳು ವರ್ಷ ಕಠಿಣ ಸಜೆ! ವೆಂಕಟೇಶಪ್ಪ ಆಮೇಲೆ ಮೇಲಿನ ಕೋರ್ಟಿಗೂ ಹೋದ, ಅಲ್ಲೂ ಸೋತ.

ತೀರ್ಪು ಬಂದ ಸಂಜೆ ಅಪ್ಪ ಗಾಡಿಯನ್ನು ಕೆರೆ ಕಡೆಯಿಂದ ಬಳಸಿ ಮನೆಗೆ ಒಯ್ಯಲು ಹೊರಟ. ನೀನು ಬಿಡಲಿಲ್ಲ. "ನಾವ್ಯಾಕೆ ಬಳಸ್ಕಂಡ್ ಓಗ್ಬೇಕು? ಮಿಲ್ಲಿನ ಬೀದೀಗೇ ಒಡಿ!" ನನ್ನನ್ನು ಗಾಡಿಯ ಮುಂದೆ ಕೂರಿಸಿದೆ. ಮಿಲ್ಲಿನ ಎದುರು ಮನೆಯ ಗಂಗರತ್ನಮ್ಮ ಮೊದಲು ಬಾಗಿಲಿಗೆ ಬಂದಳು, ಆಮೇಲೆ ಬೀದಿಯ ಹೆಂಗಸರೆಲ್ಲ ಬಂದರು. ಒಬ್ಬಳು ನನ್ನ ಮುಡಿಗೆ ಕನಕಾಂಬರ ಇಟ್ಟಳು. ನಾನು ತಲೆಯೆತ್ತಿಕೊಂಡು ಕೂತಿದ್ದೆ, ಪಕ್ಕದಲ್ಲಿ ನೀನು ರಾಣಿಯ ಹಾಗೆ.

ಗಟ್ಟಿಮುಟ್ಟಾಗಿ ಬಹುಕಾಲ ಬಾಳಮ್ಮ. ನಿನ್ನ ಆಯಸ್ಸಿಗೆ ನನ್ನದೂ ಒಂದಿಷ್ಟು ಸೇರಲಿ.

ನಿನ್ನ ಹಿರಿಮಗಳು,
ಮುನಿಗಂಗಮ್ಮ